ಕತ್ತಿ ತಾಗಿದ ಅಡಿಕೆ

ಚನ್ನಗಿರಿಯ ಪಂಚಾಕ್ಷರಪ್ಪನವರ ಮಂಡಿಯಲ್ಲಿ ಮೂವತ್ತೆಂಟು ವರ್ಷ ಅಡಿಕೆ ಆರಿಸಿದ ಉಚ್ಚಂಗಮ್ಮನಿಗೆ ಓದು ಬರಹ ಬಾರದು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅವಳನ್ನು ಗುರು ಎಂದು ಕರೆದು ಶಾಲು ಹೊದಿಸಿದ ಜನವೇ ವರ್ಷ ಕಳೆಯುವುದರೊಳಗೆ ಕಳ್ಳಿ ಎಂದರು. ಶಾಲು ಹೊದಿಸಿದ್ದು ಪೇಪರಿನಲ್ಲಿ ಬಂದಿತ್ತಂತೆ. ಕಳ್ಳಿ ಎಂದದ್ದು ಬರಲಿಲ್ಲ, ಅಷ್ಟು ಪುಣ್ಯ.

ಅವಳು ಹುಟ್ಟಿದ್ದು ಜಗಳೂರಿನ ಕಡೆಯ ಒಂದು ಕೇರಿಯಲ್ಲಿ. ಅವ್ವ ಊರವರ ಮನೆಗಳಿಗೆ ಬಿತ್ತನೆಯ ಶೇಂಗಾ ಆರಿಸಿಕೊಡಲು ಹೋಗುತ್ತಿದ್ದಳು, ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದಳು. ಮೊಳೆಯುವ ಬೀಜ ಯಾವುದು, ಮಣ್ಣಿನಲ್ಲೇ ಕೊಳೆಯುವ ಬೀಜ ಯಾವುದು ಎಂಬುದು ಏಳೆಂಟು ವರ್ಷಕ್ಕೇ ಅವಳ ಬೆರಳಿಗೆ ಗೊತ್ತಾಗಿತ್ತು. ಹದಿನೇಳಕ್ಕೆ ಬಸವಾಪಟ್ಟಣಕ್ಕೆ ಮದುವೆಯಾಗಿ ಬಂದಳು. ಗಂಡ ಸಣ್ಣಪ್ಪ ಚನ್ನಗಿರಿಯ ಮಂಡಿಯಲ್ಲಿ ಹಮಾಲಿ. ಮರುವರ್ಷ ಇವಳನ್ನೂ ಅಲ್ಲಿಗೇ ಕೆಲಸಕ್ಕೆ ಕರೆದುಕೊಂಡು ಹೋದ. ಮೂಟೆ ಹೊತ್ತು ಹೊತ್ತು ಐವತ್ತು ತುಂಬುವ ಮೊದಲೇ ಅವನ ಬೆನ್ನು ಹೋಯಿತು, ಆಮೇಲೆ ಅವನೂ ಹೋದ. ಬೆಳಗಿನ ಬಸ್ಸು ಮಾತ್ರ ಉಚ್ಚಂಗಮ್ಮನಿಗೆ ತಪ್ಪಲಿಲ್ಲ. ಸೊಸೆ ಅಂಬಿಕಾ ಬಂದ ಮೇಲೆ ಅತ್ತೆ ಸೊಸೆ ಇಬ್ಬರೂ ಅದೇ ಬಸ್ಸಿಗೆ ಓಡುತ್ತಿದ್ದರು.

ಮಂಡಿಯ ಕೆಲಸ ನೋಡಲು ಸುಲಭ. ಬೇಯಿಸಿ ಒಣಗಿಸಿದ ಕೆಂಪಡಿಕೆಯನ್ನು ತಾಡಪಾಲಿನ ಮೇಲೆ ಸುರಿಯುತ್ತಾರೆ. ಒಂಬತ್ತು ಹೆಂಗಸರು ಸುತ್ತ ಕೂತು ಮೂರು ಗುಪ್ಪೆ ಮಾಡಬೇಕು. ಒಳ್ಳೆಯದು ರಾಶಿ, ಬಲಿತು ಬಣ್ಣ ಕೆಟ್ಟದ್ದು ಗೊರಬಲು. ಚೂರು, ಟೊಳ್ಳು, ಹುಳುಕೆಲ್ಲ ಕಸ. ಅಂಬಿಕಾಳೂ ಸೇರಿ ಎಂಟು ಜನ ಅಡಿಕೆಯನ್ನು ನೋಡಿ ಆರಿಸುತ್ತಿದ್ದರು. ಉಚ್ಚಂಗಮ್ಮ ನೋಡುತ್ತಲೂ ಇರಲಿಲ್ಲ. ಪಕ್ಕದವಳ ಸಂಸಾರದ ಕಷ್ಟ ಕೇಳುತ್ತ, ಅದಕ್ಕೆ ಬುದ್ಧಿ ಹೇಳುತ್ತ, ನಡುವೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದರೂ ಅವಳ ಗುಪ್ಪೆಯಲ್ಲಿ ತಪ್ಪು ಹುಡುಕಿದವರಿಗೆ ಕಣ್ಣು ನೋವು ಬಂದದ್ದೇ ಲಾಭ. ಅಡಿಕೆಯ ತೂಕದಲ್ಲೇ ಒಳಗಿನ ಟೊಳ್ಳು ತಿಳಿಯುತ್ತದೆ ಎನ್ನುತ್ತಿದ್ದಳು. ನಾಗಪುರದ ಕಡೆಯ ಖರೀದಿದಾರರು ಈ ಮಂಡಿಯ ಮಾಲು ಎಂದರೆ ಚೀಲ ಬಿಚ್ಚದೆ ಕೊಳ್ಳುತ್ತಿದ್ದರು. ಅದರ ಹೆಸರು ಪಂಚಾಕ್ಷರಪ್ಪನವರಿಗೆ ಬಂತು.

ಈ ಮೂರು ಗುಪ್ಪೆಯ ನಡುವೆ ಹೊರಗಿನವರಿಗೆ ಗೊತ್ತಿಲ್ಲದ ಒಂದು ಪದ್ಧತಿ ಇತ್ತು. ಸಿಪ್ಪೆ ಸುಲಿಯುವಾಗ ಕೆಲವು ಅಡಿಕೆಗೆ ಕತ್ತಿ ತಾಗಿ ಉಗುರಿನಲ್ಲಿ ಗೀರಿದಷ್ಟು ಗಾಯವಾಗುತ್ತದೆ. ಬೆಂದು ಒಣಗಿದ ಮೇಲೆ ಆ ಗೀರು ಕಪ್ಪಾಗುತ್ತದೆ, ಅಷ್ಟೇ. ರುಚಿಯಲ್ಲಿ, ತೂಕದಲ್ಲಿ ಏನೂ ಕಡಿಮೆಯಿಲ್ಲ, ರಾಶಿಗೆ ಹಾಕಿದರೆ ಯಾರೂ ಬೇಡ ಎನ್ನುವುದಿಲ್ಲ. ಆದರೆ ಪಂಚಾಕ್ಷರಪ್ಪನವರ ಮಂಡಿಯಲ್ಲಿ ಕತ್ತಿ ತಾಗಿದ್ದು ಹೆಂಗಸರ ಪಾಲು. ಅದನ್ನು ಕಸದ ಗುಪ್ಪೆಗೆ ಹಾಕುವುದು, ಸಂಜೆ ಹೊರಡುವಾಗ ತಲಾ ಎರಡು ಹಿಡಿ ಮಡಿಲಿಗೆ ಹಾಕಿಕೊಳ್ಳುವುದು. ಎರಡು ಹಿಡಿಗೆ ಸಾಕಾಗುವಷ್ಟು ಕಂಡಿತೋ, ಆಮೇಲಿನ ಗೀರಡಿಕೆಯೆಲ್ಲ ರಾಶಿಗೇ. ಸಾಕು ಎಂದು ಯಾರೂ ಕೂಗಿ ಹೇಳುತ್ತಿರಲಿಲ್ಲ, ಒಂಬತ್ತು ಕೈಗಳಿಗೂ ತಾನಾಗಿ ತಿಳಿಯುತ್ತಿತ್ತು.

ಈ ಪದ್ಧತಿ ಮಾಡಿಕೊಟ್ಟವರು ಪಂಚಾಕ್ಷರಪ್ಪನವರೇ. ಆಗ ಅವರ ತಂದೆ ಇನ್ನೂ ಗಲ್ಲಾದ ಮೇಲೆ ಕೂರುತ್ತಿದ್ದ ಕಾಲ. ಎದುರಿನ ಮಂಡಿಯವರು ಕೂಲಿ ಹೆಚ್ಚು ಮಾಡಿ ಹೆಂಗಸರನ್ನು ಕರೆಯತೊಡಗಿದ್ದರು. ಉಚ್ಚಂಗಮ್ಮನೂ ಹೊರಟು ನಿಂತಿದ್ದಳು. ಪಂಚಾಕ್ಷರಪ್ಪ ತಾಡಪಾಲಿನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದ್ದರು: "ನೋಡ್ರವ್ವಾ, ಕೂಲಿ ಹೆಚ್ಚು ಮಾಡಾಕೆ ನಮ್ಮಪ್ಪ ಬಿಡಲ್ಲ. ಕತ್ತಿ ತಾಗಿದ್ದು ನಿಮ್ದು ಅಂತ ಇಟ್ಕೊಳ್ರಿ. ದಿನಾ ಎರಡು ಹಿಡಿ. ನಮ್ಮಪ್ಪನ ಕಿವಿಗೆ ಬೀಳಬಾರದು, ಅಷ್ಟೆ."

ಹೆಂಗಸರು ಉಳಿದರು. ಆ ಎರಡು ಹಿಡಿಯನ್ನು ಬಸವಾಪಟ್ಟಣದ ಸಂತೆಯಲ್ಲಿ ಮಾರಿ ಸೋಪು, ಸೀಮೆಎಣ್ಣೆ, ಮಕ್ಕಳಿಗೆ ಬರೆಯಲು ಪಾಟಿ ಕೊಂಡರು. ಪಾಟಿಯ ಕಾಲ ಹೋಗಿ ಮೊಬೈಲಿನ ಕರೆನ್ಸಿಯ ಕಾಲ ಬಂದರೂ ಎರಡು ಹಿಡಿ ಎರಡು ಹಿಡಿಯಾಗಿಯೇ ಉಳಿಯಿತು. ಅದನ್ನು ಮೂರು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಮರ್ಯಾದೆ ಎನ್ನುವುದು ಇದ್ದದ್ದು ಆ ತಾಡಪಾಲಿನ ಮೇಲೆಯೇ, ಗಲ್ಲಾದ ಮೇಲಲ್ಲ.

ಮುಂದೆ ಪಂಚಾಕ್ಷರಪ್ಪನವರ ಮಗ ರೇಣುಕಪ್ರಸಾದ್ ವ್ಯವಹಾರ ವಹಿಸಿಕೊಂಡ. ಕೆಟ್ಟವನಲ್ಲ, ಓದಿದವನು. ದಾವಣಗೆರೆಯಲ್ಲಿ ಉದ್ಯಮಿಗಳ ಸಮಾವೇಶವೊಂದಕ್ಕೆ ಎರಡು ದಿನ ಹೋಗಿ ಬಂದ ಮೇಲೆ ಅವನ ಬಾಯಲ್ಲಿ ಗ್ಲೋಬಲ್, ಕಾಂಪಿಟೇಶನ್, ಇನ್ನೋವೇಶನ್ ಎಂಬ ಮೂರು ಮಾತು ಎಲೆಯಡಿಕೆಯ ಹಾಗೆ ಸದಾ ಇರುತ್ತಿದ್ದವು. ಅವನ ಕಷ್ಟವೂ ಸುಳ್ಳಲ್ಲ. ಹೊರದೇಶದ ಅಡಿಕೆ ಹಡಗಿನಲ್ಲಿ ಬಂದು ಇಳಿಯುತ್ತಿತ್ತು. ಚೀಲ ಬಿಚ್ಚದೆ ಕೊಳ್ಳುತ್ತಿದ್ದ ಖರೀದಿದಾರರ ಮಕ್ಕಳು ಈಗ ಮೊಬೈಲಿನಲ್ಲಿ ವಿಡಿಯೋ ತರಿಸಿಕೊಂಡು, ಒಂದು ಹಿಡಿಯಲ್ಲಿ ಎರಡು ಬಣ್ಣ ಕಂಡರೆ ಇಡೀ ಲಾಟನ್ನೇ ಬೇಡವೆನ್ನುತ್ತಿದ್ದರು. ಎಲ್ಲವೂ ಒಂದೇ ಅಚ್ಚಿನಲ್ಲಿ ಎರೆದ ಹಾಗಿರಬೇಕು, ಅದೂ ನಿನ್ನೆಯೇ ಸಿದ್ಧವಾಗಿರಬೇಕು. ಒಂಬತ್ತು ಹೆಂಗಸರಿಂದ ಇದು ಆಗುವ ಕೆಲಸವಲ್ಲ ಎಂದು ರೇಣುಕಪ್ರಸಾದ್ ತೀರ್ಮಾನಿಸಿದ.

ಚೀನಾದಿಂದ ಒಂದು ಯಂತ್ರ ಬಂತು. ಪಟ್ಟಿಯ ಮೇಲೆ ಅಡಿಕೆ ಓಡುತ್ತದೆ, ಮೇಲಿನಿಂದ ಕ್ಯಾಮೆರಾ ನೋಡುತ್ತದೆ, ಕೆಳಗಿನ ತಕ್ಕಡಿ ತೂಗುತ್ತದೆ, ಬೇಡದ್ದನ್ನು ಪುಸ್ಸೆಂದು ಗಾಳಿ ಊದಿ ಆಚೆ ಹಾರಿಸುತ್ತದೆ. ಆದರೆ ಅದಕ್ಕೆ ಅಡಿಕೆ ಎಂದರೇನೆಂದೇ ಗೊತ್ತಿರಲಿಲ್ಲ. ಬುದ್ಧಿ ಕಲಿಸಲು ದಾವಣಗೆರೆಯ ಒಂದು ಚಿಕ್ಕ ಕಂಪನಿಯಿಂದ ಅಕ್ಷಿತಾ ಎಂಬ ಹುಡುಗಿ ಬಂದಳು. ಮಂಡಿಯಲ್ಲಿ ಎರಡು ದಿನ ಸುತ್ತಾಡಿ, ಇಲ್ಲಿ ಅಡಿಕೆ ಚೆನ್ನಾಗಿ ಗೊತ್ತಿರುವವರು ಒಬ್ಬರೇ ಎಂದು ಉಚ್ಚಂಗಮ್ಮನನ್ನು ತೋರಿಸಿದಳು.

ರೇಣುಕಪ್ರಸಾದ್ ಕೇಳಿದಾಗ ಉಚ್ಚಂಗಮ್ಮ ತಕ್ಷಣ ಹೂಂ ಎನ್ನಲಿಲ್ಲ.

"ಕಲಿಸ್ತೀನಿ ಸಣ್ಣ ಸಾವ್ಕಾರ್ರೇ. ಆದ್ರೆ ಮಷೀನು ಬಂತು ಅಂತ ಈ ಎಂಟು ಜನಾನ ಮನೆಗೆ ಕಳಿಸಬಾರದು. ಆ ಮಾತು ಕೊಡ್ರಿ."

"ಕಳಿಸೋ ಮಾತೇ ಇಲ್ಲ," ಎಂದ ಅವನು. "ಮಷೀನಿಂದ ಮಾಲು ಜಾಸ್ತಿ ಬರ್ತೈತೆ, ಮಾಲು ಜಾಸ್ತಿ ಆದ್ರೆ ಕೆಲಸನೂ ಜಾಸ್ತಿ ಆಗ್ತೈತೆ. ನೀವೇನು ಹೆದರಬ್ಯಾಡ್ರಿ."

ಇದನ್ನೂ ಅವನು ಸಮಾವೇಶದಲ್ಲೇ ಕೇಳಿಸಿಕೊಂಡು ಬಂದಿದ್ದ. ಉಚ್ಚಂಗಮ್ಮ ಎಂಟು ಜನರ ಹತ್ತಿರ ಹೋಗಿ, ಮಾತು ತಗೊಂಡಿದ್ದೀನಿ ಎಂದಳು. ಅವರು ನಂಬಿದ್ದು ರೇಣುಕಪ್ರಸಾದನನ್ನಲ್ಲ, ಇವಳನ್ನು.

ಇಪ್ಪತ್ತಾರು ದಿನ ಅವಳು ಆಫೀಸಿನ ತಂಪು ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತಳು. ಅಷ್ಟು ವರ್ಷದಲ್ಲಿ ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಟೀ ಕೂಡ ಅಲ್ಲಿಗೇ ಬಂತು. ಪೇಪರ್ ಲೋಟ ಬಂದ ಮೇಲೆ ಯಾರ ಲೋಟ ಎಲ್ಲಿಡಬೇಕು ಎಂಬ ತಂಟೆ ಆ ಮಂಡಿಯವರಿಗೆ ತಪ್ಪಿತ್ತು. ಅಕ್ಷಿತಾ ಒಂದೊಂದೇ ಅಡಿಕೆಯನ್ನು ಅವಳ ಕೈಗೆ ಕೊಡುವಳು, ಆಮೇಲೆ ಕ್ಯಾಮೆರಾದ ಕೆಳಗಿಡುವಳು. ಮುಂದೆ ಮೂರು ಗುಂಡಿ. ಹಸಿರು ಒತ್ತಿದರೆ ರಾಶಿ, ಹಳದಿ ಗೊರಬಲು, ಕೆಂಪು ಕಸ.

"ದಿನಾ ಹೆಂಗೆ ಮಾಡ್ತೀರೋ ಹಂಗೇ ಮಾಡ್ರಿ ಅಮ್ಮಾ," ಎಂದಿದ್ದಳು ಹುಡುಗಿ. "ಯೋಚನೆ ಮಾಡಾಕೆ ಹೋಗ್ಬ್ಯಾಡ್ರಿ. ನಿಮ್ಮ ಕೈ ಏನು ಹೇಳ್ತೈತೋ ಅದು ನಮಗೆ ಬೇಕು."

ಮೊದಲ ದಿನವೇ ಕತ್ತಿ ತಾಗಿದ ಅಡಿಕೆ ಬಂತು. ಉಚ್ಚಂಗಮ್ಮನ ಬೆರಳು ಒಂದು ಗಳಿಗೆ ನಿಂತಿತು. ಹೇಳಲೋ ಬೇಡವೋ ಎಂದುಕೊಂಡಳು. ಹೇಳಿದರೆ ಮಾತು ಸಣ್ಣ ಸಾವ್ಕಾರನಿಗೆ ಹೋಗುತ್ತದೆ, ದೊಡ್ಡ ಸಾವ್ಕಾರರು ಗುಟ್ಟಾಗಿಟ್ಟ ಮಾತು ಅದು. ಹಸಿರು ಒತ್ತಿದರೆ ನಾಳೆ ಯಂತ್ರ ಓಡತೊಡಗಿದಾಗ ಎಂಟು ಜನರ ಮಡಿಲು ಖಾಲಿ. ದಿನಾ ಮಾಡುವ ಹಾಗೆ ಮಾಡು ಎಂದು ಹುಡುಗಿಯೇ ಹೇಳಿದ್ದಾಳಲ್ಲ. ಕೆಂಪು ಒತ್ತಿದಳು. ಕಳ್ಳತನ ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಲಿಲ್ಲ. ಕೂಲಿಯಲ್ಲಿ ಸೇರಿಕೊಂಡಿದ್ದ ಅಡಿಕೆ ಅದು.

ಆದರೆ ತಾಡಪಾಲಿನ ಮೇಲೆ ಇದ್ದ ಒಂದು ವಿಷಯ ಆ ಕೋಣೆಯಲ್ಲಿ ಇರಲಿಲ್ಲ. ಅಲ್ಲಿ ಎರಡು ಹಿಡಿಯಾದ ಮೇಲೆ ಕೈ ತಾನಾಗಿ ನಿಲ್ಲುತ್ತಿತ್ತು. ಇಲ್ಲಿ ಅಡಿಕೆ ಒಂದೊಂದೇ ಬರುತ್ತಿತ್ತು, ಪ್ರತಿ ಸಲವೂ ಅದೇ ಪ್ರಶ್ನೆ. ಎಷ್ಟಾಯಿತು ಎಂದು ಕಾಣಲು ಕಣ್ಣ ಮುಂದೆ ಗುಪ್ಪೆಯೇ ಇಲ್ಲ. ಇಪ್ಪತ್ತಾರು ದಿನವೂ ಕತ್ತಿ ತಾಗಿದ ಒಂದೊಂದಕ್ಕೂ ಅವಳು ಕೆಂಪು ಒತ್ತಿದಳು. ಸಾಕು ಎನ್ನುವುದಕ್ಕೆ ಅಲ್ಲಿ ಗುಂಡಿಯೂ ಇರಲಿಲ್ಲ, ಕೇಳುವವರೂ ಇರಲಿಲ್ಲ.

ಯಂತ್ರ ಓಡಿತು. ಒಂಬತ್ತು ಜನ ವಾರವಿಡೀ ಮಾಡುವುದನ್ನು ಮಧ್ಯಾಹ್ನದ ಊಟದೊಳಗೆ ಮಾಡಿ ಮುಗಿಸಿತು. ರೇಣುಕಪ್ರಸಾದ್ ಅಕ್ಷಿತಾಳ ಕಂಪನಿಯಲ್ಲಿ ಪಾಲುದಾರನಾಗಿ ಬೇರೆ ಊರಿನವರಿಗೂ ಯಂತ್ರ ಮಾರಲು ಹೊರಟ. ಯಂತ್ರಕ್ಕೆ ಉಚ್ಚಂಗಿ ಎಂದು ಹೆಸರಿಟ್ಟು, ಕರಪತ್ರದಲ್ಲಿ ಉಚ್ಚಂಗಮ್ಮನ ಫೋಟೋ ಹಾಕಿಸಿದ. ಸಭೆ ಮಾಡಿ ಶಾಲು ಹೊದಿಸಿದ್ದೂ ಆಗಲೇ. ನಮ್ಮ ಮಣ್ಣಿನ ಜ್ಞಾನ ಜಗತ್ತಿನ ತಂತ್ರಜ್ಞಾನಕ್ಕೆ ಗುರುವಾಯಿತು ಎಂದು ಯಾರೋ ಭಾಷಣ ಮಾಡಿದರು. ಹೊನ್ನಾಳಿಯ ಇಬ್ಬರು ವ್ಯಾಪಾರಿಗಳು, ನ್ಯಾಮತಿಯ ಒಬ್ಬರು ಅಲ್ಲೇ ಯಂತ್ರಕ್ಕೆ ಮುಂಗಡ ಕೊಟ್ಟರು. ಉಚ್ಚಂಗಮ್ಮ ವೇದಿಕೆಯ ಮೇಲೆ ಕೂತು, ಕೆಳಗೆ ಕೂತ ಎಂಟು ಜನರನ್ನು ಎಣಿಸುತ್ತಿದ್ದಳು. ಎಂಟೂ ಜನ ಇದ್ದರು. ಅವಳಿಗೆ ಅಷ್ಟು ಸಾಕಿತ್ತು.

ಏಳು ತಿಂಗಳು ರೇಣುಕಪ್ರಸಾದ್ ಮಾತು ಉಳಿಸಿಕೊಂಡ. ಯಂತ್ರ ಆರಿಸಿದ್ದನ್ನು ಹೆಂಗಸರು ಇನ್ನೊಮ್ಮೆ ನೋಡುತ್ತಿದ್ದರು, ಚೀಲ ಹೊಲಿಯುತ್ತಿದ್ದರು. ಕಸದ ಕಡೆ ಗೀರಡಿಕೆ ಬುಟ್ಟಿಗಟ್ಟಲೆ ಬಂದು ಬೀಳುವುದನ್ನು ಮೊದಲ ವಾರವೇ ಉಚ್ಚಂಗಮ್ಮ ಕಂಡಳು. ಯಾರಿಗೂ ಹೇಳದೆ, ದಿನಾ ಎರಡೆರಡು ಹಿಡಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕೈಯಲ್ಲಿ ಹೆಕ್ಕಿ ರಾಶಿಗೆ ಹಾಕತೊಡಗಿದಳು. ಹಾಗಾಗಿ ಚನ್ನಗಿರಿಯಲ್ಲಿ ಯಂತ್ರದ ತಪ್ಪು ಕಾಣಲೇ ಇಲ್ಲ. ಹೊನ್ನಾಳಿಯಲ್ಲಿ ಹೆಕ್ಕುವವರು ಯಾರೂ ಇರಲಿಲ್ಲ. ಯಂತ್ರ ಬಂದ ದಿನವೇ ಅಲ್ಲಿ ಹೆಂಗಸರನ್ನೆಲ್ಲ ಬಿಡಿಸಿದ್ದರು.

ಒಂದು ಸೋಮವಾರ ಹೊನ್ನಾಳಿಯ ವ್ಯಾಪಾರಿ ರವಿಕುಮಾರ್ ಕಾರಿನಲ್ಲಿ ಒಂದು ಚೀಲ ಹಾಕಿಕೊಂಡು ಬಂದು, ರೇಣುಕಪ್ರಸಾದನ ಮೇಜಿನ ಮೇಲೆ ಸುರಿದ.

"ನಿಮ್ಮ ಉಚ್ಚಂಗಿ ಇದನ್ನ ಕಸಕ್ಕೆ ಹಾಕ್ಯಾಳೆ ನೋಡ್ರಿ. ಇಂಥವು ಎಷ್ಟು ಚೀಲ ಬಣ್ಣ ತಯಾರಿಸೋರಿಗೆ ಕಸದ ರೇಟಿಗೆ ಕೊಟ್ಟೆನೋ ನನಗೇ ಗೊತ್ತಿಲ್ಲ."

ದಾವಣಗೆರೆಯಿಂದ ಅಕ್ಷಿತಾ ಬಂದಳು. ಉಚ್ಚಂಗಮ್ಮನನ್ನು ಕರೆಸಿದರು. ಈ ಸಲ ಕುರ್ಚಿ ತೋರಿಸಲಿಲ್ಲ. ಕಿಟಕಿಯ ಪಕ್ಕದಲ್ಲಿ ಪಂಚಾಕ್ಷರಪ್ಪ ವಿಭೂತಿ ಹಚ್ಚಿಕೊಂಡು ಪೇಪರ್ ಓದುತ್ತ ಕೂತಿದ್ದರು. ಹುಡುಗಿ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದಳು. ಪರದೆಯ ತುಂಬ ಗೀರಡಿಕೆಯ ಚಿತ್ರ, ಒಂದೊಂದರ ಕೆಳಗೂ ತಾರೀಖು, ಗಂಟೆ, ಒಂದು ಕೆಂಪು ಚುಕ್ಕೆ. ತಾಡಪಾಲಿನ ಮೇಲಿನ ಗುಟ್ಟು ಅಷ್ಟಷ್ಟೂ ಅಲ್ಲಿ ಸಾಲಾಗಿ ನಿಂತಿತ್ತು.

"ಅಮ್ಮಾ, ಇವಷ್ಟಕ್ಕೂ ನೀವೇ ಕೆಂಪು ಒತ್ತಿದ್ದು," ಎಂದಳು ಅಕ್ಷಿತಾ. ಅವಳಿಗೆ ಹೇಳಲು ಸಂಕಟವಿತ್ತು. "ಯಾಕೆ ಅಂತ ಹೇಳಿಬಿಡ್ರಿ, ಸಾಕು."

"ಅದು ನಮ್ಮ ಪಾಲಿನ ಅಡಿಕೆ," ಎಂದಳು ಉಚ್ಚಂಗಮ್ಮ.

"ಯಾರು ಕೊಟ್ಟ ಪಾಲು?" ಎಂದ ರೇಣುಕಪ್ರಸಾದ್.

ಅವಳು ಕಿಟಕಿಯ ಕಡೆ ತಿರುಗಿದಳು. "ಸಾವ್ಕಾರ್ರೇ, ನೀವೇ ಹೇಳ್ರಿ. ಕತ್ತಿ ತಾಗಿದ್ದು ನಿಮ್ದು ಅಂತ ಅವತ್ತು ನೀವೇ ಹೇಳಿದ್ರಲ್ಲ."

ಪಂಚಾಕ್ಷರಪ್ಪ ಪೇಪರ್ ಮಡಚಿದರು. ಮಗನನ್ನು ನೋಡಿದರು, ಹೊನ್ನಾಳಿಯವನನ್ನು ನೋಡಿದರು. ಉಚ್ಚಂಗಮ್ಮನನ್ನು ನೋಡಲಿಲ್ಲ.

"ಹಳೇ ಕಾಲದ ಮಾತು ತಾಯಿ. ನಂಗೆ ಅಂಥದ್ದೇನೂ ನೆನಪಿಲ್ಲ."

ಇವರಿಗೆ ನೆನಪಿಲ್ಲ. ಮೂವತ್ತು ವರ್ಷದ ಹಿಂದಿನ ದೀಪಾವಳಿಯಲ್ಲಿ ರಾಶಿಗೆ ಏನು ರೇಟಿತ್ತು ಎಂದು ಕೇಳಿದರೆ ನಿದ್ದೆಗಣ್ಣಲ್ಲೂ ಹೇಳುವ ಮನುಷ್ಯ. ನೆನಪಿದೆ ಎಂದರೆ ಕಷ್ಟವಿತ್ತು. ಮಂಡಿಗೆ ಬರುವ ಅಡಿಕೆ ಮಂಡಿಯವರದ್ದಲ್ಲ, ಬೆಳೆಗಾರರದ್ದು. ಇವರು ಕಮಿಷನ್ ಹಿಡಿದು ಮಾರಿಕೊಡುವವರು. ತಮ್ಮ ಕಿಸೆಯಿಂದ ಕೊಡಬೇಕಾದ ಕೂಲಿಯನ್ನು ಅಷ್ಟು ವರ್ಷ ಬೆಳೆಗಾರರ ಚೀಲದಿಂದ ಕೊಟ್ಟಿದ್ದರು. ಅದನ್ನು ಹೊನ್ನಾಳಿಯವನ ಎದುರು ಒಪ್ಪಿಕೊಂಡರೆ ಮೂರು ತಾಲೂಕಿಗೆ ಗೊತ್ತಾಗುತ್ತಿತ್ತು. ಹಿಂದೆ ಅಪ್ಪನಿಗೆ ಹೆದರಿ ಬಚ್ಚಿಟ್ಟಿದ್ದನ್ನು ಈಗ ಮಗನಿಗೆ, ಊರಿಗೆ ಹೆದರಿ ಬಚ್ಚಿಟ್ಟರು. ಒಬ್ಬ ಹೆಂಗಸು ಕಳ್ಳಿಯಾದರೆ ಎಲ್ಲರಿಗೂ ಅನುಕೂಲವಾಗುತ್ತಿತ್ತು.

ರೇಣುಕಪ್ರಸಾದ್ ದೊಡ್ಡ ಮನಸ್ಸು ತೋರಿಸಿದ. "ಪೊಲೀಸು ಗಿಲೀಸು ಅಂತ ನಾವು ಹೋಗಲ್ಲ, ಇಷ್ಟು ವರ್ಷ ಕೆಲಸ ಮಾಡೀರಿ. ಆದ್ರೆ ಕಳ್ಳತನ ಮಾಡೋರನ್ನ ಇಟ್ಕೊಳ್ಳಾಕೆ ಆಗಲ್ಲ. ನಾಳೆಯಿಂದ ಆ ಎಂಟು ಜನ ಬರೋದು ಬ್ಯಾಡ. ನೀವು ಮಾತ್ರ ಒಂದು ಮೂರು ದಿನ ಬಂದು ಮಷೀನಿಗೆ ಇದನ್ನ ಸರಿಯಾಗಿ ಹೇಳಿಕೊಟ್ಟು ಹೋಗ್ರಿ. ಅದಕ್ಕೆ ಬೇರೆ ಕೂಲಿ ಕೊಡೋಣ."

ಹೆಂಗಸರನ್ನು ಬಿಡಿಸಲು ಅವನು ನೆಪ ಹುಡುಕುತ್ತ ಎಷ್ಟು ದಿನವಾಗಿತ್ತೋ ಏನೋ. ನೆಪ ತಾನೇ ಚೀಲದಲ್ಲಿ ಬಂದು ಮೇಜಿನ ಮೇಲೆ ಬಿತ್ತು.

ಉಚ್ಚಂಗಮ್ಮ ಅಳಲಿಲ್ಲ, ಕೂಗಾಡಲೂ ಇಲ್ಲ. "ಎಂಟು ಜನ ಇದ್ರೆ ನಾನು ಬರ್ತೀನಿ. ಇಲ್ಲಾಂದ್ರೆ ನಿಮ್ಮ ಮಷೀನಿಗೆ ನಾನು ಇನ್ನೊಂದು ಅಡಿಕೆ ತೋರ್ಸಲ್ಲ. ಅದೆಂಗೆ ಸರಿ ಮಾಡ್ಕೊಂತೀರೋ ಮಾಡ್ಕೊಳ್ರಿ," ಎಂದು ಹೊರಗೆ ಬಂದಳು. ಅಷ್ಟು ವರ್ಷದಲ್ಲಿ ಆ ಮನೆತನದವರಿಗೆ ಅವಳು ಎದುರಾಡಿದ್ದು ಅದೇ ಮೊದಲು. ಬಸ್ಸಿನಲ್ಲಿ ಕೂತಾಗಲೂ ಅವಳ ಮನಸ್ಸು ಗಟ್ಟಿಯಾಗಿತ್ತು.

ಅವಳ ಲೆಕ್ಕ ಸರಳವಾಗಿತ್ತು. ಒಂದು ಸಲ ಕಲಿಸಲು ಇಪ್ಪತ್ತಾರು ದಿನ ಹಿಡಿದಿದೆ. ತಾನಿಲ್ಲದೆ ಅದು ತಿದ್ದಿಕೊಳ್ಳುವುದಿಲ್ಲ. ಹೊನ್ನಾಳಿ, ನ್ಯಾಮತಿಯವರು ಕುತ್ತಿಗೆಯ ಮೇಲೆ ಕೂತರೆ ಸಣ್ಣ ಸಾವ್ಕಾರ ಬಾಗಿಲಿಗೆ ಬರಲೇಬೇಕು. ಆಗ ಎಂಟು ಜನರ ಮಾತನ್ನು ಎದುರಿಗಿಡುತ್ತೇನೆ ಎಂದುಕೊಂಡಳು. ಎಂಟು ಜನರಿಗೂ ಹಾಗೇ ಹೇಳಿದಳು. ಊರಿನವರೇ ಆದ ನಾಲ್ವರು ದಿನವೂ ಅವಳ ಮನೆಯ ಜಗುಲಿಗೆ ಬಂದು ಕೂತು, ರಸ್ತೆಯಲ್ಲಿ ಕಾರಿನ ಸದ್ದಾದಾಗಲೆಲ್ಲ ಎದ್ದು ನೋಡಿದರು. ಮೂರು ದಿನ ಯಾರೂ ಬರಲಿಲ್ಲ. ಪಟ್ಟು ಹಿಡಿದಿದ್ದಾರೆ, ಹಿಡೀಲಿ ಎಂದಳು ಉಚ್ಚಂಗಮ್ಮ.

ನಾಲ್ಕನೆಯ ದಿನ ಅಂಬಿಕಾ ಉಳಿದ ಕೂಲಿ ಕೇಳಲು ಚನ್ನಗಿರಿಗೆ ಹೋದಳು. ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದು, ನೀರು ಕೂಡ ಕುಡಿಯದೆ ಅತ್ತೆಯ ಮುಂದೆ ಕೂತಳು.

"ಅವತ್ತೇ ಸರಿ ಮಾಡ್ಯಾರಂತೆ ಅತ್ತೆ. ನೀನು ಈ ಕಡೆ ಬಂದ ಮೇಲೆ ಆ ಹುಡುಗಿ ಅಲ್ಲೇ ಕೂತು ಮಾಡಿಬಿಟ್ಳಂತೆ. ಟೀ ತರಿಸಿದ್ರಂತೆ, ಟೀ ಆರೋದ್ರಾಗೆ ಮುಗೀತಂತೆ. ಹೊನ್ನಾಳಿದೂ ನ್ಯಾಮತಿದೂ ಇಲ್ಲಿಂದಲೇ ಸರಿ ಹೋತಂತೆ, ಅಲ್ಲಿಗೆ ಯಾರೂ ಹೋಗೇ ಇಲ್ಲ."

"ನಾನಿಲ್ದೆ ಹೆಂಗೆ ಆಗ್ತೈತೆ?"

"ಗುಮಾಸ್ತ ಹೇಳಿದ. ಕತ್ತಿ ತಾಗಿದ್ದು ಅಷ್ಟಕ್ಕೂ ನೀನು ಕೆಂಪೇ ಒತ್ತೀಯಂತೆ, ಒಂದರಾಗೂ ಕೈ ತಪ್ಪಿಲ್ವಂತೆ. ಅದಕ್ಕೇ ಅವೆಲ್ಲ ಕಂಪ್ಯೂಟರಿನಾಗೆ ಒಂದು ಕಡೆ ಬೇರೆಯಾಗಿ ಕೂತಿದ್ವಂತೆ. ಒಟ್ಟಿಗೆ ಹಸಿರು ಮಾಡಿದ್ರಂತೆ, ಮುಗೀತಂತೆ." ಅಂಬಿಕಾ ದನಿ ಏರಿಸಿದಳು. "ಅಲ್ಲೊಂದು ಇಲ್ಲೊಂದು ತಪ್ಪು ಒತ್ತಾಕೆ ನಿಂಗೆ ಏನಾಗಿತ್ತು? ಯಾಕಷ್ಟು ಚೆಂದಾಗಿ ಕಲಿಸಿದೆ?"

ಜಗುಲಿಯ ಮೇಲೆ ಕೂತಿದ್ದ ನಾಲ್ವರಿಗೆ ಎಲ್ಲವೂ ಕೇಳಿಸಿತ್ತು. ಒಬ್ಬೊಬ್ಬರೇ ಎದ್ದು ಸೀರೆ ಕೊಡವಿಕೊಂಡು ಹೊರಟರು. ಹೋಗಿ ಬರ್ತೀವಿ ಎಂದು ಯಾರೂ ಹೇಳಲಿಲ್ಲ.

ಆಮೇಲೆ ಅವಳು ನ್ಯಾಮತಿಯಲ್ಲಿ ಕೆಲಸ ಕೇಳಿದಳು, ಅಲ್ಲಿಗೆ ಹೆಸರು ಮೊದಲೇ ಹೋಗಿತ್ತು. ಕೊನೆಗೆ ಕೆಲಸ ಕೊಟ್ಟವನು ಹೊನ್ನಾಳಿಯ ರವಿಕುಮಾರನೇ. ಯಂತ್ರದ ಕೆಳಗೆ ಗುಡಿಸುವುದು, ಕಸದ ಚೀಲ ಬದಲಿಸುವುದು. ಗುಡಿಸುವವರಿಗೆ ಕೊಡುವ ಕೂಲಿಯಲ್ಲಿ ಉಚ್ಚಂಗಿಯ ಗುರುವೇ ಸಿಕ್ಕರು ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದ. ಅವಳು ಸೆರಗು ಬಿಗಿದು ಗುಡಿಸುತ್ತಿದ್ದಳು.

ಗುಡಿಸಿ ಮುಗಿದ ಮೇಲೆ ಅವಳು ಮಾಡುತ್ತಿದ್ದುದು ಒಂದೇ ಕೆಲಸ. ಕಸದ ಚೀಲದ ಮುಂದೆ ಕೂತು, ಯಂತ್ರ ತಪ್ಪಿ ಎಸೆದ ಅಡಿಕೆ ಏನಾದರೂ ಇದೆಯೇ ಎಂದು ಒಂದೊಂದೇ ಬೆರಳಿನಲ್ಲಿ ಮುಟ್ಟಿ ಹುಡುಕುವುದು. ಒಂದು ಹಿಡಿಯಷ್ಟು ತಪ್ಪು ಸಿಕ್ಕರೂ ಸಣ್ಣ ಸಾವ್ಕಾರನ ಹತ್ತಿರ ಹಿಡಿದುಕೊಂಡು ಹೋಗಿ, ನೋಡ್ರಿ, ಇದಕ್ಕೆ ಹೆಂಗಸರು ಬೇಕು, ಆ ಎಂಟು ಜನಾನ ಕರೀರಿ ಎನ್ನಬಹುದಿತ್ತು. ಒಂದು ತಿಂಗಳು ಹುಡುಕಿದಳು.

ಒಂದು ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತ ಅಂಬಿಕಾ ಕೇಳಿದಳು: "ಒಂದಾದ್ರೂ ಸಿಕ್ತಾ ಅತ್ತೆ?"

"ಇಲ್ಲ ಕಣೆ," ಎಂದಳು ಉಚ್ಚಂಗಮ್ಮ. "ಒಂದೂ ತಪ್ಪಲ್ಲ ಅದು. ಎಷ್ಟು ಚೆಂದ ಆರಿಸ್ತೈತೆ ಅಂತೀಯ."

ಅವಳ ದನಿಯಲ್ಲಿ ಹೆಮ್ಮೆ ಇತ್ತು. ಅಂಬಿಕಾ ಹಿಟ್ಟಿನ ಕೈಯಲ್ಲೇ ಎದ್ದು ಹೊರಗೆ ಹೋದಳು.